ನಂಜಮ್ಮನ ಮಣ್ಣಿನ ವಯಸ್ಸು

ಮೊನ್ನೆ ಒಂದು ಮದುವೆಗೆಂದು ಕೊಯಮತ್ತೂರಿಗೆ ಹೋಗಿದ್ದೆ. ಆರ್.ಎಸ್. ಪುರಂನಲ್ಲಿ ಊಟ ಮುಗಿಸಿ, ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು, ಮಗಳ ಜೊತೆ ಆಟೋ ಹತ್ತಿದೆ. ಡ್ರೈವರು ಟ್ರಾಫಿಕ್ಕು ತಪ್ಪಿಸುತ್ತೇನೆಂದು ಗಣಪತಿ ಎಂಬ ಬಡಾವಣೆಯ ಗಲ್ಲಿಗಳಿಗೆ ನುಗ್ಗಿಸಿದ. ಎರಡೂ ಬದಿಗೆ ಪಂಪು, ಮೋಟಾರುಗಳ ವರ್ಕ್‌ಶಾಪುಗಳು. ಲೇತ್ ಯಂತ್ರಗಳ ಕಿರ್ರೆನ್ನುವ ಸದ್ದು, ಕಾದ ಕಬ್ಬಿಣ, ಅದರ ಮೇಲೆ ಮೆಷಿನ್ ಆಯಿಲ್ಲಿನ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಇದ್ದಕ್ಕಿದ್ದಂತೆ ಜೋರಾಗಿ ನಕ್ಕುಬಿಟ್ಟೆ. ಎಲೆಅಡಿಕೆಯ ರಸ ಸೀರೆಯ ಮೇಲೆ ಬಿತ್ತು. ಹೊಸ ಸೀರೆ ಬೇರೆ!

“ಏನಾಯ್ತಮ್ಮ ನಿಂಗೆ?” ಎಂದಳು ಮಗಳು.

ಒಂದು ಆಟೋ ಪ್ರಯಾಣದಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. “ಮನೆಗೆ ಹೋದ್ಮೇಲೆ ಹೇಳ್ತೀನಿ” ಎಂದೆ. ಮನೆಗೆ ಬಂದ ಮೇಲೆ ಅವಳು ಮರೆತಳು. ನನಗೆ ಮರೆಯಲಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ತಿರುಪ್ಪೂರು ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ನಾನು ದಾವಣಗೆರೆಯಿಂದ ಬಂದು ಕೊಯಮತ್ತೂರಿನಲ್ಲಿ ಮಣ್ಣಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. ಹೊಲದ ಮಣ್ಣಿನಲ್ಲಿರುವ ಇಂಗಾಲ ಎಲ್ಲಿಂದ ಬಂತು, ಯಾವಾಗ ಬಂತು ಎನ್ನುವುದು ನನ್ನ ವಿಷಯ. ಊರಿಗೆ ಹೋದಾಗ ಯಾರಾದರೂ ಏನು ಓದುತ್ತಿದ್ದೀಯ ಎಂದು ಕೇಳಿದರೆ “ಮಣ್ಣಿಗೆ ವಯಸ್ಸೆಷ್ಟು ಅಂತ ನೋಡ್ತೀನಿ” ಎನ್ನುತ್ತಿದ್ದೆ. ಕೇಳಿದವರು ನಮ್ಮಮ್ಮನ ಮುಖ ನೋಡುತ್ತಿದ್ದರು, ಪಾಪ ಎಂಬಂತೆ.

ಆದರೆ ಅದು ನಿಜವಾಗಿಯೂ ಮೈ ಜುಮ್ಮೆನ್ನಿಸುವ ವಿದ್ಯೆ. ಗಿಡ ಗಾಳಿಯಿಂದ ಇಂಗಾಲ ಹೀರುತ್ತದಲ್ಲ, ಅದರಲ್ಲಿ ಚೂರೇ ಚೂರು ವಿಕಿರಣದ ಇಂಗಾಲವೂ ಇರುತ್ತದೆ. ಗಿಡ ಸತ್ತ ಮೇಲೆ ಹೊಸದು ಸೇರುವುದಿಲ್ಲ, ಇದ್ದದ್ದು ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಎಷ್ಟು ಹಳೆಯದು ಎಂದು ತಿಳಿಯುತ್ತದೆ. ಇನ್ನೊಂದು ಮಜಾ ಕೇಳಿ. ಐವತ್ತು, ಅರವತ್ತರ ದಶಕದಲ್ಲಿ ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದವಲ್ಲ, ಆಗ ಜಗತ್ತಿನ ಗಾಳಿಯಲ್ಲೆಲ್ಲ ಈ ಇಂಗಾಲ ಒಮ್ಮೆಲೇ ಹೆಚ್ಚಾಯಿತು. ಆಮೇಲೆ ಬೆಳೆದ ಹುಲ್ಲಿನಲ್ಲಿ, ಆ ಹುಲ್ಲು ತಿಂದ ದನದಲ್ಲಿ, ದನದ ಸಗಣಿಯಲ್ಲಿ, ಎಲ್ಲದರಲ್ಲೂ ಅದರ ಗುರುತು. ಹಾಗಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಇದರ ಕಪ್ಪು, ಅಂದರೆ ಇಂಗಾಲ, ಬಾಂಬಿಗೆ ಮುಂಚಿನದೋ ಆಮೇಲಿನದೋ ಎಂದು ಹೇಳಬಹುದು. ಬಾಂಬಿನಿಂದ ಆದ ಒಂದೇ ಒಂದು ಉಪಕಾರ ಇದಿರಬೇಕು.

ಮಣ್ಣು ತೆಗೆಯಲು ನನಗೊಂದು ಆಗರ್ ಬೇಕಿತ್ತು. ಆಗರ್ ಎಂದರೆ ತುದಿಯಲ್ಲಿ ಅಗಲವಾದ ಸುರುಳಿಯಿರುವ, ಮೇಲೆ ಅಡ್ಡಹಿಡಿ ಇರುವ ಕಬ್ಬಿಣದ ಕೊರೆಗೋಲು. ತಿರುಗಿಸುತ್ತ ಒತ್ತಿದರೆ ಒಂದೊಂದು ಗೇಣು ಮಣ್ಣು ಕಚ್ಚಿಕೊಂಡು ಮೇಲೆ ಬರುತ್ತದೆ. ಅದನ್ನು ಮಾಡಿಸಲು ಗಣಪತಿಯ ಒಂದು ವರ್ಕ್‌ಶಾಪಿನ ಮುಂದೆ ನಿಂತು, ಮೊಬೈಲಿನಲ್ಲಿ ಅಮ್ಮನ ಜೊತೆ ಜಗಳವಾಡುತ್ತಿದ್ದೆ. ಒಳಗಿನಿಂದ ಮೈಯೆಲ್ಲ ಎಣ್ಣೆಯಾದ ಒಬ್ಬರು ಓಡಿಬಂದರು.

“ನೀವು ಕನ್ನಡವಾ? ನಾವೂ ಕನ್ನಡ ತಾನೆ!”

ಅವರೇ ರಂಗಣ್ಣ, ವರ್ಕ್‌ಶಾಪಿನ ಯಜಮಾನರು. ಎಷ್ಟೋ ತಲೆಮಾರಿನ ಹಿಂದೆ ಈ ಕಡೆ ಬಂದು ನೆಲೆಸಿದ ಒಕ್ಕಲು ಮನೆತನ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು, ಕನ್ನಡ ಅಕ್ಷರ ಒಂದೂ ಬಾರದು. ನನ್ನ ಮಾತು ಕೇಳಿ ಅವರಿಗೆ ನಗುವೋ ನಗು. “ಏನಮ್ಮಣಿ, ರೇಡಿಯೋದಲ್ಲಿ ಓದ್ದಂಗೆ ಮಾತಾಡ್ತಿಯೆ” ಎಂದರು. ಆಗರ್ ಮಾಡಿಕೊಟ್ಟರು, ಹಣದ ಮಾತೆತ್ತಿದರೆ ಕಿವಿ ಮುಚ್ಚಿಕೊಂಡರು, ಹೊಲ ಹುಡುಕುತ್ತಿದ್ದೇನೆ ಎಂದದ್ದೇ ತಡ, “ನಮ್ ಅಕ್ಕನ ಕಾಡು ಅದೆ ಬಾ. ಕರುಮತ್ತಂಪಟ್ಟಿ ಹತ್ರ. ಆ ಮಣ್ಣು ನೋಡ್ದ್ರೆ ನೀ ಬುಟ್ಟು ಬರಾದಿಲ್ಲ” ಎಂದರು. ಇವರ ಬಾಯಲ್ಲಿ ಕಾಡು ಎಂದರೆ ಮಳೆಯನ್ನು ನಂಬಿದ ಹೊಲ.

ಅಕ್ಕ ಎಂದರೆ ನಂಜಮ್ಮ. ಅರವತ್ತು ದಾಟಿದ, ಬಿಳಿ ಸೀರೆಯ, ನೆಟ್ಟಗೆ ನಡೆಯುವ ಹೆಂಗಸು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಗಂಡನ ತಮ್ಮ ಚಿನ್ನಸಾಮಿ, ಅವರ ಹೆಂಡತಿ ಮಕ್ಕಳು, ಎಲ್ಲ ಒಂದೇ ಮನೆ. ಜಮೀನು ಪಾಲಾಗಿರಲಿಲ್ಲ, ಆದರೆ ಒಂದೇ ಬದುವಿನ ಈಚೆಯ ಹೊಲ ನಂಜಮ್ಮನ ಕೈಯಲ್ಲಿ, ಆಚೆಯದು ಚಿನ್ನಸಾಮಿಯ ಕೈಯಲ್ಲಿ. ನಂಜಮ್ಮ ಸಗಣಿ ಗೊಬ್ಬರದವಳು. ಮದುವೆಯಾಗಿ ಬಂದ ವರ್ಷದಿಂದ ಗುಂಡಿಯ ಗೊಬ್ಬರವನ್ನು ತಲೆಯ ಮೇಲೆ ಹೊತ್ತು ಹಾಕುತ್ತ ಬಂದಿದ್ದಳು. ಬೇಸಿಗೆಯಲ್ಲಿ ಕುರಿಯವರನ್ನು ಕರೆಸಿ ಹೊಲದಲ್ಲೇ ದೊಡ್ಡಿ ಹಾಕಿಸಿ ಕುರಿ ಕೂಡಿಸುತ್ತಿದ್ದಳು. ಚಿನ್ನಸಾಮಿಯದು ಚೀಲದ ಗೊಬ್ಬರ, ಟ್ರ್ಯಾಕ್ಟರು, ಬೆಳಿಗ್ಗೆ ಎದ್ದ ಕೂಡಲೇ ತಮಿಳು ಪೇಪರು.

ನಾನು ಹೋದ ದಿನವೇ ಅವರಿಬ್ಬರ ಜಗಳ ನನ್ನ ಮುಂದೆ ಬಂತು. ಜಗಳವೆಂದರೆ ಕೂಗಾಟವಲ್ಲ, ಊಟ ಬಡಿಸುತ್ತ, ಉಣ್ಣುತ್ತ ಆಡುವ ಜಗಳ. ಚಿನ್ನಸಾಮಿಯ ಮಕ್ಕಳು ಪವರ್‌ಲೂಮ್ ಹಾಕಬೇಕೆಂದಿದ್ದರು, ಅದಕ್ಕೊಂದು ಶೆಡ್ಡು ಬೇಕು. ರಸ್ತೆಗೆ ಹತ್ತಿರ, ಕರೆಂಟಿನ ಕಂಬಕ್ಕೆ ಹತ್ತಿರ ಇರುವುದು ನಂಜಮ್ಮನ ಹೊಲ.

“ಎಲ್ಲಾ ಒಂದೇ ಕರಿಮಣ್ಣು ತಾನೆ ಅತ್ತಿಗೆ. ಇಲ್ಲಿ ಕಟ್ಟಿದ್ರೇನು, ಅಲ್ಲಿ ಕಟ್ಟಿದ್ರೇನು?” ಎಂದರು ಚಿನ್ನಸಾಮಿ.

“ಒಂದೇ ಅಲ್ಲ ತಂಬಿ. ಇದು ನಾ ಮಾಡಿದ ಮಣ್ಣು” ಎಂದಳು ನಂಜಮ್ಮ.

“ಮಣ್ಣ ಯಾರಾದ್ರೂ ಮಾಡ್ತಾರಾ? ಅದು ಹುಟ್ಟಾ ಕರಿ. ನಿಮ್ ಸಗಣಿ ಒಂದು ಮಳೆ, ಒಂದು ಬಿಸಿಲಿಗೆ ಆವಿ ಆಗೋಗ್ತದೆ.” ಆಮೇಲೆ ನನ್ನ ಕಡೆ ತಿರುಗಿದರು. “ಅಮ್ಮಣಿ, ನಿನ್ ಮೆಷಿನ್ನು ಇದ ಹೇಳ್ತದಾ?”

ಹೇಳುತ್ತದೆ ಎಂದೆ. ಮೈಯೆಲ್ಲ ಕಿವಿಯಾಗಿ ಕುಳಿತಿದ್ದೆನಲ್ಲ, ಬಾಯಿ ತಡೆಯಲಿಲ್ಲ. ನಂಜಮ್ಮ ಈ ಮನೆಗೆ ಸೊಸೆಯಾಗಿ ಬಂದದ್ದು ಸರಿಯಾಗಿ ಆ ಬಾಂಬಿನ ಕಾಲದಲ್ಲಿ. ಅವಳು ಹಾಕಿದ ಗೊಬ್ಬರವೆಲ್ಲ ಗುರುತಿನ ಗೊಬ್ಬರ! ಅದು ಮಣ್ಣಲ್ಲಿ ನಿಂತಿದೆಯೋ ಹಾರಿಹೋಗಿದೆಯೋ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಹೊಲ ನನಗೆಲ್ಲಿ ಸಿಗಬೇಕು? ನಾನು ಬಡಬಡ ವಿವರಿಸಿದೆ. ಚಿನ್ನಸಾಮಿ ಪೂರ್ತಿ ಕೇಳಿ, ಕೈ ತೊಳೆದು ಬಂದು, ಅತ್ತಿಗೆಯ ಮುಂದೆ ನಿಂತರು.

“ಸರಿ ಅತ್ತಿಗೆ. ಇದು ನೀವು ಬಂದ ಮೇಲಿಂದು ಅಂತ ಕಾಲೇಜು ಹೇಳ್ಲಿ, ಶೆಡ್ಡ ನನ್ ಕಾಡಲ್ಲೇ ಹಾಕ್ತೀನಿ. ಹಳೇದು ಅಂತ ಬಂದ್ರೆ ನೀವು ಒಂದು ಮಾತೂ ಆಡಬಾರ್ದು.”

“ಕಂಡಿಪ್ಪಾ, ಖಂಡಿತ ಆಡಾದಿಲ್ಲ” ಎಂದಳು ನಂಜಮ್ಮ. ಅವಳ ಧೈರ್ಯ ನೋಡಿ ನನಗೇ ಸ್ವಲ್ಪ ದಿಗಿಲಾಯಿತು.

ಬೇಸಿಗೆಯ ಆರಂಭದಲ್ಲಿ ಮಣ್ಣು ತೆಗೆದೆವು. ಆಗರ್ ಭಾರ, ಹಾಸ್ಟೆಲಿನಲ್ಲಿ ಇಡಲು ಜಾಗವಿಲ್ಲ, ಆದ್ದರಿಂದ ಅದು ರಂಗಣ್ಣನ ವರ್ಕ್‌ಶಾಪಿನಲ್ಲೇ ಇರುತ್ತಿತ್ತು. ಅವರೇ ಅದನ್ನು ಮೊಪೆಡ್ಡಿಗೆ ಕಟ್ಟಿಕೊಂಡು ಬಂದರು. ಬೆಳಿಗ್ಗೆ ನಂಜಮ್ಮನ ಹೊಲ, ಊಟವಾದ ಮೇಲೆ ಚಿನ್ನಸಾಮಿಯ ಹೊಲ. ಒಂದೊಂದು ಗೇಣಿಗೆ ಒಂದೊಂದು ಚೀಲ, ನಾನೇ ಹೆಸರು ಬರೆದು ಕಟ್ಟಿದೆ. ಪ್ರಯೋಗಾಲಯಕ್ಕೆ ತಂದು ಒಣಗಿಸಿ, ಜರಡಿ ಹಿಡಿದು, ಎಳೆಬೇರುಗಳನ್ನು ಚಿಮಟದಲ್ಲಿ ಒಂದೊಂದೇ ಆರಿಸಿದೆ. ಮಣ್ಣಲ್ಲಿ ಸುಣ್ಣಕಲ್ಲಿನ ಚೂರುಗಳಿದ್ದವು. ಸುಣ್ಣದ ಇಂಗಾಲ ಬೇರೆ ಕತೆ, ಅದನ್ನು ಆಮ್ಲ ಹಾಕಿ ತೆಗೆಯಬೇಕು. ಆಮ್ಲ ಬಿದ್ದ ಕೂಡಲೇ ಚುರ್ರೆಂದು ನೊರೆ ಉಕ್ಕುವುದನ್ನು ನೋಡುತ್ತ ಕುಳಿತುಬಿಡುತ್ತಿದ್ದೆ, ಹಾಲು ಕಾಯಿಸುವವಳಂತೆ. ಆಮೇಲೆ ಉತ್ತರದ ಊರೊಂದರ ಸಂಸ್ಥೆಗೆ ಕಳಿಸಿದೆವು. ಇಂಗಾಲದ ಕಾಲ ಎಣಿಸುವ ಯಂತ್ರ ಅಲ್ಲಿತ್ತು.

ಫಲಿತಾಂಶ ಬಂದದ್ದು ತಮಿಳರ ಆಷಾಢವಾದ ಆಡಿ ತಿಂಗಳು ಹುಟ್ಟಲು ಇನ್ನು ಕೆಲವೇ ದಿನಗಳಿದ್ದಾಗ. ನನ್ನ ಗೈಡ್ ಮೇಡಂ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಎರಡೂ ಹೊಲಗಳಲ್ಲಿ ಮೇಲಿನ ಗೇಣಿನ ಮಣ್ಣು ಸಾವಿರ ವರ್ಷಕ್ಕೂ ಹಳೆಯದು! ನಂಜಮ್ಮನ ಹೊಲದಲ್ಲಂತೂ ಅದರ ಕೆಳಗಿನದು ಅದಕ್ಕಿಂತ ಎಳೆಯದು! ಮನೆಯ ಮೊದಲ ಅಂತಸ್ತು ಕಟ್ಟಿದ ಮೇಲೆ ಪಾಯ ಹಾಕಿದ ಹಾಗೆ.

“ಚೀಲ ಅದಲು ಬದಲು ಮಾಡಿದ್ದೀಯಾ?” ಎಂದರು ಮೇಡಂ ತಮಿಳಿನಲ್ಲಿ.

“ಇಲ್ಲ ಮೇಡಂ. ನಮ್ಮಮ್ಮನಾಣೆ ಇಲ್ಲ.”

“ಅಮ್ಮನನ್ನು ಬಿಡು. ಅದಲು ಬದಲಾಗಿದ್ದರೂ ನಿನ್ನ ನಂಜಮ್ಮನಿಗೆ ಉಪಯೋಗವಿಲ್ಲ. ಬಾಂಬಿನ ಗುರುತು ಯಾವುದರಲ್ಲೂ ಇಲ್ಲ.”

ಕರುಮತ್ತಂಪಟ್ಟಿಗೆ ಹೋಗಿ ಹೇಳಲೇಬೇಕಿತ್ತು. ಹೋಗಿ ಹೇಳಿದೆ. ಏನೋ ಎಡವಟ್ಟಾಗಿದೆ, ನನಗೂ ಅರ್ಥವಾಗುತ್ತಿಲ್ಲ ಎಂದೂ ಹೇಳಿದೆ. ಚಿನ್ನಸಾಮಿ ಗೆದ್ದೆನೆಂದು ಕುಣಿಯಲಿಲ್ಲ, ಅದು ಅವರ ದೊಡ್ಡ ಗುಣ. ಮೇಸ್ತ್ರಿಯನ್ನು ಕರೆಸಿ, ನಂಜಮ್ಮನ ಹೊಲದಲ್ಲಿ ಅಳತೆ ಮಾಡಿಸಿ, ಗೂಟ ಹೊಡೆಸಿ ದಾರ ಕಟ್ಟಿಸಿದರು. ಆದರೆ ಆಡಿಯಲ್ಲಿ ಆ ಕಡೆ ಯಾರೂ ಪಾಯ ತೋಡುವುದಿಲ್ಲ, ಮನೆಯಿರಲಿ, ದನದ ಕೊಟ್ಟಿಗೆಗೂ ಇಲ್ಲ. ಅದರ ಮುಂದಿನ ತಿಂಗಳು, ಆವಣಿ, ಹುಟ್ಟಿದ ಮೇಲೆ ಮುಹೂರ್ತ ಎಂದಾಯಿತು.

ನಂಜಮ್ಮ ಮಾತು ಕೊಟ್ಟಿದ್ದಳಲ್ಲ, ಯಾರಿಗೂ ಒಂದು ಮಾತೂ ಆಡಲಿಲ್ಲ. ನನ್ನನ್ನು ಬಸ್ಸಿಗೆ ಬಿಡಲು ಬಂದವಳು ಹುಣಸೆಮರದ ಕೆಳಗೆ ನಿಂತು ಕೇಳಿದಳು:

“ಹಂಗಾದ್ರೆ ನಾ ಹೊತ್ತು ಹಾಕಿದ್ದು ಎಲ್ಲಿಗೋಯ್ತು ಅಮ್ಮಣಿ? ಅಷ್ಟೂನೂವಾ ಗಾಳಿಗಾ?”

ಬಸ್ಸಿನಲ್ಲಿ ಕಿಟಕಿಗೆ ಮುಖವಿಟ್ಟು ಅತ್ತೆ. ಆಡಿಯ ಗಾಳಿ ಆಗಲೇ ಶುರುವಾಗಿತ್ತು. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಗಾಳಿ, ತೆಂಗಿನ ಮರಗಳನ್ನು ಒಂದೇ ಕಡೆಗೆ ಬಾಗಿಸುತ್ತದೆ, ಕಣ್ಣಿಗೆಲ್ಲ ಧೂಳು. ಅತ್ತದ್ದು ಯಾರಿಗೂ ಗೊತ್ತಾಗಲಿಲ್ಲ.

ಅತ್ತು ಮುಗಿದ ಮೇಲೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಬುದ್ಧಿ ಓಡುತ್ತದೆ, ಅದು ಹುಟ್ಟುಗುಣ. ಸುಣ್ಣ ಉಳಿದುಹೋಗಿತ್ತಾ? ಇಲ್ಲ, ನೊರೆ ನಿಲ್ಲುವ ತನಕ ಆಮ್ಲ ಹಾಕಿದ್ದೆ. ಸುಣ್ಣವಾಗಿದ್ದರೆ ಕೆಳಗೇ ಹೆಚ್ಚಿರಬೇಕಿತ್ತು, ಮೇಲಲ್ಲ. ಇಬ್ಬರದೂ ಬೇರೆ ಬೇರೆ ಗೊಬ್ಬರ, ಆದರೂ ಎರಡೂ ಹೊಲಗಳಲ್ಲಿ ಮೊದಲ ಗೇಣೇ ಹಾಳಾಗಿದೆ. ಹೊಲದಿಂದ ಬಂದ ತಪ್ಪಲ್ಲ ಇದು, ನಾವೇ ಜೊತೆಯಲ್ಲಿ ಒಯ್ದದ್ದು ಏನೋ. ಏನು? ಆಗರ್ ತಂದು ಇನ್ನೊಮ್ಮೆ ಹೊಸದಾಗಿ ಕೊರೆದು ನೋಡೋಣವೆಂದು ಮಾರನೆಯ ದಿನ ಗಣಪತಿಗೆ ಹೋದೆ.

ರಂಗಣ್ಣ ಲೇತಿನಿಂದ ಒಂದು ಪಂಪಿನ ಶಾಫ್ಟು ಇಳಿಸುತ್ತಿದ್ದರು. ಇಳಿಸಿದವರು ಬಟ್ಟೆಯಲ್ಲಿ ಒರೆಸಿ, ಡಬ್ಬಿಯಲ್ಲಿ ಬ್ರಷ್ ಅದ್ದಿ, ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಅದರ ಮೈಗೆಲ್ಲ ಎಣ್ಣೆ ಬಳಿದರು.

“ಯಾಕೆ ರಂಗಣ್ಣ ಇದು?”

“ತುಕ್ಕು ಹಿಡಿಬಾರ್ದು ತಾನೆ. ಎಣ್ಣೆ ಹಾಕ್ದೆ ಒಂದು ಸಾಮಾನೂ ಈ ವರ್ಕ್‌ಶಾಪ್ ಬಾಗ್ಲು ದಾಟಾದಿಲ್ಲ. ನಮ್ಮಪ್ಪ ಕಲಿಸಿದ್ದು” ಎನ್ನುತ್ತ ಮೂಲೆಯಲ್ಲಿದ್ದ ನನ್ನ ಆಗರ್ ಎತ್ತಿಕೊಂಡರು. ಬ್ರಷ್ ಅದ್ದಿದರು. ಸುರುಳಿಯ ಮೇಲೆ ದಪ್ಪಗೆ ಒಂದು ಕೈ ಎಳೆದರು.

“ನಿಲ್ಲೀ!!” ಎಂದು ಕಿರುಚಿದೆ. ಪಕ್ಕದ ಎರಡು ವರ್ಕ್‌ಶಾಪಿನವರು ಕೈಯೋ ಕಾಲೋ ಮೆಷಿನ್ನಿಗೆ ಸಿಕ್ಕಿತೆಂದು ಓಡಿ ಬಂದರು.

“ರಂಗಣ್ಣ, ಆವತ್ತೂ ಹಾಕಿದ್ರಾ? ಬೇಸಿಗೆಯಲ್ಲಿ, ಮಣ್ಣು ತೆಗೆದ ದಿನ?”

“ಹಾಕ್ದೆ ಇರ್ತೀನಾ? ಬೆಳಿಗ್ಗೆ ಹಾಕೇ ತಂದೆ. ಮಧ್ಯಾನ ನೀ ಉಣ್ಣಾಕೆ ಕೂತಾಗ ಇನ್ನೊಂದು ಕೈ ಹಾಕ್ದೆ. ಒಳ್ಳೇ ಎಣ್ಣೆ ಅಮ್ಮಣಿ, ನಿನಗೆ ಅಂತ ಹೊಸ ಡಬ್ಬಿ ಒಡೆದೆ.”

ಅಲ್ಲೇ ನೆಲದ ಮೇಲೆ ಕುಳಿತು ನಗತೊಡಗಿದೆ. ಆ ದಿನ ಎಣ್ಣೆಯ ವಾಸನೆ ಬಂದಿತ್ತು, ಬರಲಿಲ್ಲವೆಂದಲ್ಲ. ರಂಗಣ್ಣ ಪಕ್ಕದಲ್ಲಿದ್ದರೆ ಯಾವಾಗಲೂ ಬರುವ ವಾಸನೆ ಅದು, ಅವರದೇ ಎಂದುಕೊಂಡಿದ್ದೆ. ಮೆಷಿನ್ ಆಯಿಲ್ ಎಂದರೆ ನೆಲದಡಿಯ ಕಲ್ಲೆಣ್ಣೆ, ಕೋಟ್ಯಂತರ ವರ್ಷ ಹಳೆಯದು. ಅದರಲ್ಲಿ ವಿಕಿರಣದ ಇಂಗಾಲ ಒಂದು ಚೂರೂ ಉಳಿದಿರುವುದಿಲ್ಲ. ಹೊಸ ಮಣ್ಣಿಗೆ ಸ್ವಲ್ಪ ಬೆರೆತರೂ ಸಾಕು, ಯಂತ್ರ ಅದನ್ನು ಮುದುಕನೆಂದು ಎಣಿಸುತ್ತದೆ. ಮೊದಲ ಗೇಣು ಕೊರೆಯುವಾಗ ಎಣ್ಣೆಯೆಲ್ಲ ಆ ಮಣ್ಣಿಗೆ ಒರೆಸಿಹೋಗಿದೆ, ಕೆಳಗಿನದಕ್ಕೆ ಕಡಿಮೆ, ಆದರೆ ಬಾಂಬಿನ ಗುರುತು ಅಳಿಸಲು ಅಷ್ಟೂ ಸಾಕು. ಎಲ್ಲ ಕೂಡಿಬಂತು!

ರಂಗಣ್ಣನಿಗೆ ಬಿಡಿಸಿ ಹೇಳಿದೆ. ಅವರು ನಗಲಿಲ್ಲ. ಬ್ರಷ್ ಕೈಯಿಂದ ಬಿತ್ತು.

“ನಮ್ ಅಕ್ಕನ ಕಾಡ ನಾನೇ ಕೆಡಿಸಿಬುಟ್ಟೆನಾ?”

“ಏನೂ ಕೆಟ್ಟಿಲ್ಲ ರಂಗಣ್ಣ. ಆಡಿ ಈಗಷ್ಟೇ ಶುರುವಾಗ್ತಿದೆ, ಪಾಯಕ್ಕೆ ಇನ್ನೂ ಒಂದು ತಿಂಗಳಿದೆ” ಎಂದೆ. ಓಡಿ ಬಸ್ಸು ಹಿಡಿದೆ.

ಮೇಡಂ ಸುಲಭಕ್ಕೆ ಒಪ್ಪುವ ಪೈಕಿಯಲ್ಲ. ಉಳಿದಿದ್ದ ಮಣ್ಣಿನ ಚೀಲಗಳನ್ನು ತೆಗೆದು ಅವರ ಮುಂದೆಯೇ ಎರಡು ಗಾಜಿನ ಬೀಕರಿಗೆ ಹಾಕಿದೆ, ಒಂದಕ್ಕೆ ಮೇಲಿನ ಗೇಣು, ಇನ್ನೊಂದಕ್ಕೆ ಕೆಳಗಿನದು. ಎರಡಕ್ಕೂ ಬಿಸಿನೀರು ಹೊಯ್ದು ಕಲಕಿ ಬಿಟ್ಟೆ. ಕೆಳಗಿನ ಮಣ್ಣಿನ ನೀರು ಸುಮ್ಮನೆ ತಿಳಿಯಾಯಿತು. ಮೇಲಿನ ಮಣ್ಣಿನ ನೀರಿನ ಮೇಲೆ ನೇರಳೆ, ಹಸಿರು, ಹೊಂಬಣ್ಣದ ತೆಳುಪೊರೆ ಹರಡಿಕೊಂಡಿತು, ಪೆಟ್ರೋಲ್ ಬಂಕಿನ ಮುಂದೆ ಮಳೆ ನೀರಲ್ಲಿ ಕಾಣುತ್ತದಲ್ಲ, ಅದೇ. ಮೇಡಂ ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು.

“ನಿನ್ನ ಸ್ನೇಹಿತರ ಪ್ರೀತಿ ಬಹಳ ದಪ್ಪ” ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನೆದುರಿಗೇ ಉತ್ತರದ ಸಂಸ್ಥೆಗೆ ಫೋನು ಹಚ್ಚಿ, ನಮ್ಮ ಮಣ್ಣನ್ನು ಸರದಿ ಬಿಟ್ಟು ಮೊದಲು ಮಾಡಿಕೊಡಿ ಎಂದು ಇಂಗ್ಲಿಷಿನಲ್ಲಿ ಗದರಿಸಿದಂತೆ ಬೇಡಿಕೊಂಡರು.

ಈ ಸಲ ಆಗರ್ ಬೇಡ, ಗುಂಡಿ ತೋಡಿ ಅದರ ಗೋಡೆಯಿಂದಲೇ ಮಣ್ಣು ಕೆತ್ತಿ ತೆಗೆಯೋಣ ಎಂದೆ. ಮೋಸವಾಗಬಾರದೆಂದು ಚಿನ್ನಸಾಮಿ ತಾವೇ ಪಂಚೆ ಎತ್ತಿಕಟ್ಟಿ ಗುಂಡಿಗಿಳಿದರು. “ಎದುರಾಳಿನೇ ತೋಡಿಕೊಟ್ಟ ಅಂತ ನಿಮ್ ಕಾಲೇಜಲ್ಲಿ ಬರಿ” ಎಂದು ನಗುತ್ತಲೇ ಸನಿಕೆ ಹಾಕಿದರು. ನಂಜಮ್ಮ ಹೊಸ ಸ್ಟೀಲ್ ಸೌಟೊಂದನ್ನು ಕುದಿಯುವ ನೀರಿನಲ್ಲಿ ಹಾಕಿ ತಂದಳು. ಗುಂಡಿಯ ಗೋಡೆಯ ಮೇಲುಪದರವನ್ನೆಲ್ಲ ಕೆರೆದು ಎಸೆದು, ಒಳಗಿನ ಹಸಿಮಣ್ಣನ್ನು ಅದೇ ಸೌಟಿನಲ್ಲಿ ತೆಗೆದೆ. ಬದು ದಾಟಿ ಚಿನ್ನಸಾಮಿಯ ಹೊಲದಲ್ಲೂ ಹಾಗೆಯೇ. ರಂಗಣ್ಣನಿಗೆ ಮಾತ್ರ ಹತ್ತಿರ ಬರಲು ಅಪ್ಪಣೆಯಿರಲಿಲ್ಲ. ದೂರದ ಬೇವಿನಮರದ ಕೆಳಗೆ ಕೈ ಹಿಂದೆ ಕಟ್ಟಿ ನಿಂತಿದ್ದರು.

“ಸೀಗೆಕಾಯಿ ಹಾಕಿ ತಿಕ್ಕಿದ್ದೀನಿ ಅಮ್ಮಣಿ, ಈಗ ಬರಲಾ?” ಎಂದು ಅಲ್ಲಿಂದಲೇ ಕೂಗಿದರು.

“ಬಂದ್ರೆ ಕಾಲ ಮುರೀತೀನಿ” ಎಂದಳು ಅಕ್ಕ. ಎಲ್ಲರೂ ನಕ್ಕೆವು, ರಂಗಣ್ಣನೂ ನಕ್ಕರು. ಆ ಗಾಳಿಯಲ್ಲಿ ನಮ್ಮ ನಗುವೂ ತಿರುಪ್ಪೂರಿನ ಕಡೆಗೆ ಹಾರಿಹೋಗಿರಬೇಕು.

ಅಂಚೆಗೆ ಕೊಡುವ ಧೈರ್ಯವಾಗಲಿಲ್ಲ. ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ನಾನೇ ರೈಲು ಹತ್ತಿದೆ. ಎದುರು ಸೀಟಿನವರು ಅದೇನೆಂದು ಕೇಳಿದರು. ಮಣ್ಣು ಎಂದೆ. ಯಾವುದೋ ತೀರ್ಥಕ್ಷೇತ್ರದ್ದೆಂದು ಕೈಮುಗಿದರು. ನಾನು ತಿದ್ದಲು ಹೋಗಲಿಲ್ಲ, ನನಗೂ ಹಾಗೇ ಅನ್ನಿಸುತ್ತಿತ್ತು.

ಆಮೇಲೆ ಕಾಯುವುದು. ಆಡಿ ಹದಿನೆಂಟರ ಹೊಳೆಹಬ್ಬ ಬಂತು, ಹಾಸ್ಟೆಲಿನ ಹುಡುಗಿಯರೆಲ್ಲ ಚಿತ್ರಾನ್ನ ಕಟ್ಟಿಕೊಂಡು ಹೊಳೆಗೆ ಹೋದರು, ನಾನು ಮೊಬೈಲು ಕೈಯಲ್ಲಿ ಹಿಡಿದು ಕುಳಿತೆ. ಕರುಮತ್ತಂಪಟ್ಟಿಯಲ್ಲಿ ನಂಜಮ್ಮ ಗುಂಡಿಗೆ ತೆಂಗಿನ ಗರಿ ಮುಚ್ಚಿ ಕಾಯುತ್ತಿದ್ದಳು, ಇನ್ನೂ ಮಣ್ಣು ಬೇಕಾದೀತೆಂದು ನಾನೇ ಹೇಳಿದ್ದೆ. ಮೇಸ್ತ್ರಿ ಇಟ್ಟಿಗೆ ಇಳಿಸಿ ಹೋಗಿದ್ದ. ಆವಣಿಗೆ ಇನ್ನು ನಾಲ್ಕೋ ಐದೋ ದಿನಗಳಿದ್ದವು.

ಫೋನು ಬಂದಾಗ ನಾನು ಪ್ರಯೋಗಾಲಯದ ಮೆಟ್ಟಿಲ ಮೇಲಿದ್ದೆ. ಆ ಕಡೆಯ ವಿಜ್ಞಾನಿ ಒಂದೊಂದೇ ಪದರದ ಅಂಕಿ ಓದಿದರು, ನಾನು ಅಂಗೈ ಮೇಲೆ ಬರೆದುಕೊಂಡೆ. “ಇನ್ನೊಂದ್ಸಲ ಹೇಳಿ ಸಾರ್” ಎಂದೆ ಕನ್ನಡದಲ್ಲೇ. ಅವರಿಗೆ ಅದು ಹೇಗೆ ಅರ್ಥವಾಯಿತೋ, ಇನ್ನೊಮ್ಮೆ ಹೇಳಿದರು. ಮೆಟ್ಟಿಲುಗಳನ್ನು ಇಳಿಯಲಿಲ್ಲ, ಹಾರಿದೆ. ಮೇಡಂಗೆ ಕೈ ತೋರಿಸಿದೆ, “ಹೋಗು, ಹೋಗಿ ಹೇಳು, ಇಲ್ಲಿ ಯಾಕೆ ನಿಂತಿದ್ದೀಯ?” ಎಂದರು. ದಾರಿಯಲ್ಲಿ ರಂಗಣ್ಣನಿಗೆ ಫೋನು ಮಾಡಿದೆ. ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ, ಕಂಬಿ ಹಿಡಿದು ನಿಂತೇ ಹೋದೆ.

ನಂಜಮ್ಮ ಹೊಲದಲ್ಲಿದ್ದಳು. ಚಿನ್ನಸಾಮಿ, ಮೇಸ್ತ್ರಿ ಇಬ್ಬರೂ ದಾರ ಬಿಗಿಯುತ್ತಿದ್ದರು. ದೂರದಿಂದಲೇ ಕೂಗಿಕೊಂಡು ಓಡಿದೆ.

“ಅಮ್ಮಾ! ನಿಮ್ದೇ! ಎಲ್ಲಾ ನಿಮ್ದೇ!”

ಗುಂಡಿಯ ಗರಿ ಸರಿಸಿದೆವು. ನಾನು ಒಳಗೆ ಇಳಿದು ಗೋಡೆಯ ಮೇಲೆ ಬೆರಳಿಟ್ಟು ತೋರಿಸಿದೆ. ಮೇಲಿನ ಗೇಣು, ಬಾಂಬಿನ ಗುರುತು ಚೆನ್ನಾಗಿದೆ. ಎರಡನೆಯ ಗೇಣಿನಲ್ಲೂ ಇದೆ. “ಇಷ್ಟೂ ನೀವು ಈ ಮನೆಗೆ ಬಂದ ಮೇಲಿಂದು. ನೀವು ಹೊತ್ತು ಹಾಕಿದ್ದು ಗಾಳಿಗೆ ಹೋಗಿಲ್ಲ, ಇಲ್ಲೇ ಇದೆ.”

ನಂಜಮ್ಮ ಗುಂಡಿಯ ಅಂಚಿನಲ್ಲಿ ಕುಳಿತಳು. ಸೆರಗು ಬಾಯಿಗೆ ಹಿಡಿದಳು. ಆಮೇಲೆ ಅತ್ತಳು, ಮುಚ್ಚುಮರೆಯಿಲ್ಲದೆ ಜೋರಾಗಿ ಅತ್ತಳು. ನಾನೂ ಅತ್ತೆ. ಚಿನ್ನಸಾಮಿ ತಲೆಯ ವಲ್ಲಿ ತೆಗೆದು ಹೆಗಲಿಗೆ ಹಾಕಿಕೊಂಡರು. “ಮಾತಂದ್ರೆ ಮಾತು ಅತ್ತಿಗೆ. ಶೆಡ್ಡ ನನ್ ಕಾಡಿಗೆ” ಎಂದರು. ಮೇಸ್ತ್ರಿ ಒಂದು ಗೂಟ ಕಿತ್ತು ಕೈಯಲ್ಲಿ ಹಿಡಿದು, ಇವರೆಲ್ಲ ಯಾಕೆ ಅಳುತ್ತಿದ್ದಾರೆಂದು ನೋಡುತ್ತ ನಿಂ‍ತ.

ನಂಜಮ್ಮ ಕಣ್ಣೊರೆಸಿಕೊಂಡು ಬಗ್ಗಿ ಗೋಡೆಯನ್ನು ನೋಡಿದಳು.

“ಅದರ ಕೆಳಗೆ ಇನ್ನೂ ಕರಿ ಅದೆಯಲ್ಲಾ ಅಮ್ಮಣಿ? ಅದು ಯಾರ್ದು?”

ಮೂರನೆಯ ಗೇಣಿನಲ್ಲಿ ಬಾಂಬಿನ ಗುರುತಿರಲಿಲ್ಲ. ಆದರೆ ಅದು ತುಂಬ ಹಳೆಯದೂ ಅಲ್ಲ. ಅದರ ಕೆಳಗಿನ ಜೇಡಿಗೆ ಮಾತ್ರ ಸಾವಿರಾರು ವರ್ಷ. ಮಣ್ಣಿನ ವಯಸ್ಸು ಬೆರಕೆ ಲೆಕ್ಕ, ಒಬ್ಬರ ಹೆಸರು ಹಿಡಿದು ಹೇಳುವಂಥದ್ದಲ್ಲ, ಮೇಡಂ ಇದ್ದಿದ್ದರೆ ನನ್ನ ಬಾಯಿ ಮುಚ್ಚಿಸುತ್ತಿದ್ದರು. “ಅದು ನಿಮಗಿಂತ ಮುಂಚಿಂದು. ಬಹಳ ಮುಂಚೆ ಏನಲ್ಲ” ಎಂದಷ್ಟೇ ಹೇಳಿದೆ.

“ನಂಗಿಂತ ಮುಂಚೆ ಇಲ್ಲಿ ಗೊಬ್ಬರ ಹೊರ್ತಿದ್ದದ್ದು ಅತ್ತೆ” ಎಂದಳು ನಂಜಮ್ಮ. “ನಂಗೆ ಪುಟ್ಟಿ ತಲೆ ಮೇಲೆ ಎತ್ತಿಕೊಟ್ಟು ಕಲಿಸಿದ್ದೇ ಅವರು.”

ನಂಜಮ್ಮನ ಅತ್ತೆ ಎಂದರೆ ಚಿನ್ನಸಾಮಿಯ ತಾಯಿ. ಚಿನ್ನಸಾಮಿ ಗುಂಡಿಗಿಳಿದರು. ಇಕ್ಕಟ್ಟಿನಲ್ಲಿ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು, “ಎಲ್ಲಿ?” ಎಂದರು. ತೋರಿಸಿದೆ. ಅಂಗೈ ಅಗಲಿಸಿ ಅಲ್ಲಿಟ್ಟರು.

“ನನ್ ಕಾಡಲ್ಲಿ?” ಎಂದು ಕೇಳಿದರು, ನನ್ನ ಮುಖ ನೋಡದೆ.

ಅವರ ಹೊಲದ ಗುಂಡಿಯಲ್ಲಿ ಮೇಲೊಂದು ತೆಳುಪದರ ಬಿಟ್ಟರೆ ಉಳಿದದ್ದೆಲ್ಲ ಹಳೆಯ ಜೇಡಿಯೇ. ನಡುವಿನದು, ಅವರ ತಾಯಿಯ ಕಾಲದ್ದು, ಉಳಿದಿರಲಿಲ್ಲ.

“ಅಲ್ಲಿ ಸಿಗಲಿಲ್ಲ ಅಣ್ಣ” ಎಂದೆ.

ಅವರು ತಲೆಯಾಡಿಸಿದರು. ಕೈ ತೆಗೆಯಲಿಲ್ಲ. ಅಷ್ಟರಲ್ಲಿ ರಂಗಣ್ಣ ಮೊಪೆಡ್ಡು ನಿಲ್ಲಿಸಿ ಓಡಿಬಂದರು, ಏನಾಯಿತೆಂದು ಕೇಳುತ್ತ ಗುಂಡಿಯ ಅಂಚಿಗೆ ಬಂದು ನಿಂತರು. ಮೇಸ್ತ್ರಿ ಕೇಳಿದ, ಕೆಲಸ ಮುಗಿಯಿತಲ್ಲ, ಗುಂಡಿ ಮುಚ್ಚಿಬಿಡಲಾ ಎಂದು.

“ಬೇಡ” ಎಂದರು ಚಿನ್ನಸಾಮಿ. “ಮದ್ವೆ ಆಗಿ ಹೋದ ನನ್ ಅಕ್ಕಂದಿರಿಗೆ ಹೇಳಿ ಕಳಿಸ್ತೀನಿ. ಅವ್ರೂ ಬಂದು ಅವ್ವನ ನೋಡ್ಕೊಂಡು ಹೋಗ್ಲಿ.”